ಹಳೆಯ 800: ತುಂಡಾದ ಸ್ಟಡ್, ಬಿಡದ ಡ್ರಮ್, ಸುತ್ತಿದರೂ ಬಾರದ ಬೋಲ್ಟು

ಸುರತ್ಕಲ್_800

ಗಾಡಿ 2007ರ ಮಾರುತಿ 800 ಕಾರು, ಎಂಪಿಎಫ್ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್). ಮನೆ ಕಡಲಬದಿ. ಶೆಡ್ಡಿಗೆ ಮಾಡು ಉಂಟು, ಗೋಡೆ ಇಲ್ಲ. ಎಂಜಿನ್ ಒಳ್ಳೆಯದುಂಟು, ಗೇರ್‌ಬಾಕ್ಸೂ ಸರಿ ಉಂಟು. ತೊಂದರೆ ಎಲ್ಲ ನಟ್ಟು ಬೋಲ್ಟಿನದ್ದು. ಮಳೆ ಹಿಡಿಯುವ ಮೊದಲು ಮುಗಿಸಬೇಕಾದ ಮೂರು ಕೆಲಸಗಳೂ ಅರ್ಧದಲ್ಲಿ ನಿಂತಿವೆ.

ಮೊದಲನೆಯದು ಎಕ್ಸಾಸ್ಟ್ ಮೆನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಭಾಗ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಕ್ ಟಕ್ ಸದ್ದು, ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಗ್ಯಾಸ್ಕೆಟ್ ಬದಲಿಸಲಿಕ್ಕೆ ಬಿಚ್ಚುವಾಗ ಮೂಲೆಯ ಒಂದು ಸ್ಟಡ್ (ಮಂಡೆ ಇಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟು) ನಟ್ಟಿನ ಜೊತೆಗೇ ತುಂಡಾಗಿ ಬಂತು. ಇನ್ನೊಂದು ನಟ್ಟಿನ ಮೂಲೆಗಳು ಸವೆದು ಸ್ಪ್ಯಾನರ್ ಜಾರುತ್ತಿದೆ, ಹಾಗಾಗಿ ಮೆನಿಫೋಲ್ಡ್ ಇನ್ನೂ ಕೂತೇ ಉಂಟು. ತುಂಡಾದ ಸ್ಟಡ್ಡಿನಲ್ಲಿ ಎಷ್ಟು ಉಳಿದಿದೆ ಎಂದು ಕಾಣುವುದಿಲ್ಲ.

ಎರಡನೆಯದು ಹಿಂದಿನ ಎಡ ಚಕ್ರ. ಬ್ರೇಕಿನ ಡ್ರಮ್ ಒಂದು ಚೂರು ಹೊರಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಬ್ಲೀಡ್ ಮಾಡುವ (ಬ್ರೇಕ್ ಎಣ್ಣೆಯೊಳಗಿನ ಗಾಳಿ ಬಿಡುವ) ನಿಪ್ಪಲ್ ಕೂಡ ಜಾಮ್.

ಮೂರನೆಯದು ಮುಂದಿನ ಲೋವರ್ ಆರ್ಮ್ ಬುಶ್, ಅಂದರೆ ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ತೋಳಿನ ಬುಡದ ರಬ್ಬರ್. ನಟ್ಟು ಬಿಚ್ಚಿ ಆಗಿದೆ, ಬೋಲ್ಟನ್ನು ತಿರುಗಿಸಿದರೆ ಕಾಲು ಸುತ್ತು ಹೋಗಿ ವಾಪಸು ಬರುತ್ತದೆ, ಹೊರಗೆ ಬರುವುದಿಲ್ಲ.

ಕೈಯಲ್ಲಿ 12 ಮೂಲೆಯ ರಿಂಗ್ ಸ್ಪ್ಯಾನರ್, ಅರ್ಧ ಇಂಚಿನ ಸಾಕೆಟ್ ಸೆಟ್, ಡ್ರಿಲ್ ಮಿಷನ್, ಸಣ್ಣ ಗ್ರೈಂಡರ್, ಈಸಿ-ಔಟ್ ಸೆಟ್ (ಮುರಿದ ಬೋಲ್ಟಿನೊಳಗೆ ತೂರಿಸಿ ಬಿಚ್ಚುವ ಸಾಧನ), ಡಬ್ಲ್ಯುಡಿ-40 ಉಂಟು. ಯಾವುದನ್ನು ಮನೆಯಲ್ಲೇ ಮಾಡಬಹುದು, ಯಾವುದಕ್ಕೆ ಹೊರಗೆ ಹೋಗಬೇಕು?

ಬೈಕಂಪಾಡಿ_ಫಿಟ್ಟರ್

ಮಾರಾಯ್ರೆ, ಮೊದಲು ಆ 12 ಮೂಲೆಯ ರಿಂಗನ್ನು ಬದಿಗಿಡಿ. ತುಕ್ಕು ಹಿಡಿದ ನಟ್ಟಿಗೆ 6 ಮೂಲೆಯ ಸಾಕೆಟ್ ಮಾತ್ರ. 12 ಮೂಲೆಯದ್ದು ನಟ್ಟಿನ ತುದಿಗಳನ್ನು ಮಾತ್ರ ಹಿಡಿಯುತ್ತದೆ, 6 ಮೂಲೆಯದ್ದು ಚಪ್ಪಟೆ ಮುಖವನ್ನು ಒತ್ತುತ್ತದೆ. ತುಕ್ಕಿನಿಂದ ನಟ್ಟು ಸ್ವಲ್ಪ ಸಣ್ಣದಾಗಿರುವಾಗ ಈ ಒಂದು ವ್ಯತ್ಯಾಸದಲ್ಲೇ ಕೆಲಸ ಉಳಿಯುತ್ತದೆ ಅಥವಾ ಕೆಡುತ್ತದೆ.

ಅಳತೆಯದ್ದೂ ಒಂದು ಕಿರಿಕಿರಿ ಉಂಟು. 800ರಲ್ಲಿರುವುದು ಜಪಾನಿ ಅಳತೆ: 8 ಎಂಎಂ ಬೋಲ್ಟಿಗೆ 12ರ ಮಂಡೆ, 10 ಎಂಎಂ ಬೋಲ್ಟಿಗೆ 14ರದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೋಲ್ಟಿಗೆ 13 ಮತ್ತು 17. ಹಿಂದೆ ಯಾರಾದರೂ ಅಂಗಡಿ ಬೋಲ್ಟು ಹಾಕಿದ್ದರೆ ಒಂದೇ ಮೆನಿಫೋಲ್ಡಿನಲ್ಲಿ 12 ಒಂದು, 13 ಒಂದು ಇರುತ್ತದೆ. 12ರ ನಟ್ಟಿಗೆ 13 ಹಾಕಿ ತಿರುಗಿಸಿದರೆ ಮೂಲೆ ಅಲ್ಲೇ ಹೋಯ್ತು. ಇದಕ್ಕಿಂತ ಅಪಾಯದ್ದು ಥ್ರೆಡ್ಡಿನ ಪಿಚ್, ಅಂದರೆ ಹಲ್ಲಿನಿಂದ ಹಲ್ಲಿಗೆ ಇರುವ ಅಂತರ. ಜಪಾನಿ ಗಾಡಿಯಲ್ಲಿ 10 ಎಂಎಂ ಬೋಲ್ಟಿಗೆ ಹೆಚ್ಚಾಗಿ 1.25 ಪಿಚ್, ಅಂಗಡಿಯ ಸಾಮಾನ್ಯ ಬೋಲ್ಟಿನದ್ದು 1.5. ಮೊದಲ ಎರಡು ಸುತ್ತು ಕೈಯಲ್ಲೇ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ, ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಥ್ರೆಡ್ ತಿಂದುಹೋಯ್ತು. ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ, ಎರಡರ ಥ್ರೆಡ್ ಒಂದಕ್ಕೊಂದು ತಾಗಿಸಿ ನೋಡಿ. ಹಲ್ಲು ಹಲ್ಲಿಗೆ ಕೂರಬೇಕು.

ಎಣ್ಣೆ ವಿಷಯ. ಡಬ್ಲ್ಯುಡಿ-40 ಮೂಲತಃ ನೀರು ಓಡಿಸುವ ಸ್ಪ್ರೇ. ಸಣ್ಣ ಜಾಮಿಗೆ ಸಾಕು, ಹದಿನೈದು ವರ್ಷದ ತುಕ್ಕಿಗೆ ಸಾಲದು. ರಸ್ಟ್ ಪೆನೆಟ್ರೆಂಟ್ ಎಂದೇ ಬರೆದಿರುವ ಡಬ್ಬ ತನ್ನಿ. ಇಲ್ಲದಿದ್ದರೆ ಆಟೋಮ್ಯಾಟಿಕ್ ಗೇರ್ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ. ಅದು ನಿಂತಲ್ಲೇ ಬೇರೆಯಾಗುತ್ತದೆ, ಪ್ರತಿ ಸಲ ಕುಲುಕಿ ಹನಿಸಬೇಕು. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಪೇಂಟ್ ತಿನ್ನುತ್ತದೆ. ಹಾಕಿದ ಜಾಗಕ್ಕೆ ಅದೇ ದಿನ ಟಾರ್ಚ್ ತರಬೇಡಿ. ತೆಂಗಿನೆಣ್ಣೆ ಹಾಕ್ಲಿಕ್ಕೆ ಹೇಳುವವರು ನಮ್ಮ ಕಡೆ ಯಾವಾಗಲೂ ಇರುತ್ತಾರೆ. ಅದು ದಪ್ಪ, ಥ್ರೆಡ್ಡಿನೊಳಗೆ ಇಳಿಯುವುದಿಲ್ಲ, ಕಾದರೆ ಅಂಟಾಗುತ್ತದೆ.

ಹಚ್ಚುವ ಕ್ರಮ ಇಷ್ಟೇ: ತಂತಿ ಬ್ರಷ್ಷಿನಲ್ಲಿ ಸ್ಟಡ್ಡಿನ ತುದಿಯ ತುಕ್ಕು ಉಜ್ಜಿ ತೆಗೆಯಿರಿ, ಆಮೇಲೆ ಎಣ್ಣೆ. ತುಕ್ಕಿನ ಪದರದ ಮೇಲೆಯೇ ಹೊಯ್ದರೆ ಪದರವೇ ಕುಡಿದುಬಿಡುತ್ತದೆ. ಮೂರು ದಿನ, ಬೆಳಿಗ್ಗೆ ಸಂಜೆ. ಪ್ರತಿ ಸಲ ನಟ್ಟಿನ ಬದಿಗೆ ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಪೆಟ್ಟು. ಜೋರು ಬೇಡ, ನಡುಗಬೇಕು ಅಷ್ಟೆ. ಬಿಚ್ಚುವಾಗ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ಕೂದಲೆಳೆ, ಆಮೇಲೆ ಬಿಚ್ಚುವ ದಿಕ್ಕಿಗೆ. ಕಾಲು ಸುತ್ತು ಬಂದರೆ ಅದರ ಅರ್ಧ ವಾಪಸು ಕೊಟ್ಟು, ಎಣ್ಣೆ ಹಾಕಿ, ಪುನಃ. ತುಕ್ಕಿನ ಪುಡಿ ಥ್ರೆಡ್ಡಿನ ನಡುವೆ ಜಮೆಯಾಗಿ ಬಿಗಿಯಾಗುವುದರಿಂದಲೇ ಸ್ಟಡ್ ತುಂಡಾಗುವುದು. ಒಂದೇ ಎಳೆತಕ್ಕೆ ಪೂರ್ತಿ ಬಿಚ್ಚುವ ಅವಸರ ಇರುವವರು ಸ್ಟಡ್ಡೂ ಕೊಂಡು ಇಟ್ಟುಕೊಳ್ಳಬೇಕು.

ಪಡೀಲ್_ವೆಲ್ಡಿಂಗ್

ಮೆನಿಫೋಲ್ಡಿನ ಬಗ್ಗೆ ಹೇಳುತ್ತೇನೆ, ಬೇರೆ ಎರಡನ್ನು ಬೇರೆಯವರು ಹೇಳಲಿ.

ಮೊದಲು ಮೂಲೆ ಸವೆದ ನಟ್ಟು. 12ರದ್ದು ಜಾರಿದರೆ 11ರ 6 ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ನಟ್ ಸ್ಪ್ಲಿಟರ್, ಅಥವಾ ಚೂಪು ಉಳಿಯಿಂದ ನಟ್ಟಿನ ಒಂದು ಮುಖವನ್ನು ಉದ್ದಕ್ಕೆ ಸೀಳಿ. ಸ್ಟಡ್ಡಿನ ಥ್ರೆಡ್ಡಿಗೆ ಉಳಿ ತಾಗಿದರೂ ಚಿಂತೆ ಇಲ್ಲ, ಹೇಗೂ ಎಲ್ಲ ಸ್ಟಡ್ ಬದಲಿಸುತ್ತೀರಿ. ಹೌದು, ಎಲ್ಲ. ಒಂದು ತುಂಡಾದರೆ ಉಳಿದವುಗಳ ವಯಸ್ಸೂ ಅಷ್ಟೇ.

ಮೆನಿಫೋಲ್ಡ್ ಹೊರಗೆ ಬಂದ ಮೇಲೆ ನೋಡಬೇಕಾದ್ದು ಮುರಿದ ಸ್ಟಡ್ ಎಲ್ಲಿ ಮುರಿದಿದೆ ಎಂದು. ನಟ್ಟಿನ ಬುಡದಲ್ಲಿ ತುಂಡಾಗಿದ್ದರೆ ಮೆನಿಫೋಲ್ಡಿನ ದಪ್ಪದಷ್ಟು ಉದ್ದ ಹೊರಗೆ ಇರುತ್ತದೆ, ಅದು ನಿಮ್ಮ ಪುಣ್ಯ. ಥ್ರೆಡ್ ಉಳಿದಿದ್ದರೆ ಎರಡು ನಟ್ಟು ಹಾಕಿ ಒಂದಕ್ಕೊಂದು ಲಾಕ್ ಮಾಡಿ ಒಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿ. ಥ್ರೆಡ್ ಇಲ್ಲದಿದ್ದರೆ ಸ್ಟಡ್ ಎಕ್ಸ್‌ಟ್ರ್ಯಾಕ್ಟರ್.

ಸ್ಟಡ್ ಕೂತಿರುವ ಎಂಜಿನ್ ಹೆಡ್ ಅಲ್ಯುಮಿನಿಯಂ, ಸ್ಟಡ್ ಉಕ್ಕು. ಉಪ್ಪು ಗಾಳಿಯ ತೇವ ನಡುವೆ ಸೇರಿದರೆ ಅಲ್ಯುಮಿನಿಯಂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಹೆಚ್ಚು ಜಾಗ ಬೇಕು, ಅದೇ ಸ್ಟಡ್ಡನ್ನು ಹಿಡಿದಿಟ್ಟುಕೊಳ್ಳುವುದು. ಆದರೆ ಬಿಸಿ ಮಾಡಿದಾಗ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಅಂದರೆ ತೂತು ಸಡಿಲ ಆಗುತ್ತದೆ. ಆದ್ದರಿಂದ ಎಂಜಿನ್ ಕೈ ಸುಡದಷ್ಟು ಬೆಚ್ಚಗಿರುವಾಗ ಬಿಚ್ಚುವುದು ಒಳ್ಳೆಯದು. ಟಾರ್ಚಿನ ಜ್ವಾಲೆಯನ್ನು ಹೆಡ್ಡಿನ ಒಂದೇ ಜಾಗಕ್ಕೆ ಹಿಡಿಯಬೇಡಿ. ಅಲ್ಯುಮಿನಿಯಂ ಕೆಂಪಾಗುವುದಿಲ್ಲ, ಎಚ್ಚರಿಕೆ ಕೊಡದೆ ಕುಸಿಯುತ್ತದೆ. ಶುದ್ಧ ಅಲ್ಯುಮಿನಿಯಂ ಕರಗುವುದೇ 660 ಡಿಗ್ರಿಗೆ, ಹೆಡ್ಡಿನ ಮಿಶ್ರಲೋಹ ಅದಕ್ಕಿಂತ ಕೆಳಗೆ.

ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ನಟ್ಟು ವೆಲ್ಡ್ ಮಾಡುವುದೇ ಸರಿಯಾದ ದಾರಿ. ಮೊದಲು 8 ಎಂಎಂ ವಾಷರ್ ಇಟ್ಟು ಅದರ ತೂತಿನಲ್ಲಿ ಕಾಣುವ ಸ್ಟಡ್ಡಿಗೆ ಮಿಗ್ ವೆಲ್ಡಿಂಗ್‌ನಿಂದ ಬೊಟ್ಟಿಟ್ಟು ತುಂಬಬೇಕು, ಆಮೇಲೆ ಅದರ ಮೇಲೆ 10 ಎಂಎಂ ನಟ್ಟು ಇಟ್ಟು ನಟ್ಟಿನ ಒಳಗಿನಿಂದ ತುಂಬಬೇಕು. ಉಕ್ಕಿನ ವೆಲ್ಡ್ ಅಲ್ಯುಮಿನಿಯಮ್ಮಿಗೆ ಅಂಟುವುದಿಲ್ಲ, ಆ ಹೆದರಿಕೆ ಬೇಡ. ಕೆಂಪಗಿರುವಾಗಲೇ ತಿರುಗಿಸಿದರೆ ವೆಲ್ಡ್ ಬಿಟ್ಟುಬರುತ್ತದೆ. ಕಪ್ಪಾಗಿ, ಮುಟ್ಟಲಿಕ್ಕೆ ಇನ್ನೂ ಆಗದಷ್ಟು ಬಿಸಿ ಇರುವಾಗ ಹಿಂದೆ ಮುಂದೆ ಆಡಿಸಿ. ಮೊದಲ ನಟ್ಟು ಕಿತ್ತು ಬಂದರೆ ಬೇಸರ ಬೇಡ. ಎರಡನೆಯದು, ಮೂರನೆಯದು ಇಡಬೇಕು. ಪ್ರತಿ ಸಲದ ಕಾಯಿಸಿ ತಣಿಸುವಿಕೆಯೇ ಆ ಬಿಳಿ ಪುಡಿಯ ಹಿಡಿತ ಒಡೆಯುವುದು.

ಒಳಗೆ ತಗ್ಗಿನಲ್ಲಿ ಮುರಿದಿದ್ದರೆ ಡ್ರಿಲ್. ಇಲ್ಲಿ ನಡುಬಿಂದು ತಪ್ಪುವುದೇ ದೊಡ್ಡ ನಷ್ಟ. ಮುರಿದ ಸ್ಟಡ್ಡಿನ ಮುಖ ಓರೆ ಇರುತ್ತದೆ, ಡ್ರಿಲ್ ಬಿಟ್ ಮೆತ್ತಗಿನ ಅಲ್ಯುಮಿನಿಯಂ ಕಡೆಗೆ ಜಾರುತ್ತದೆ. ಲೇತ್ ಅಂಗಡಿಯಲ್ಲಿ ಒಂದು ಬುಶ್ ಮಾಡಿಸಿ: ಹೊರ ಅಳತೆ ಮೆನಿಫೋಲ್ಡ್ ತೂತಿಗೆ ಸರಿಯಾಗಿ ಕೂರುವಷ್ಟು, ಒಳಗೆ ನಟ್ಟನಡುವೆ 3 ಎಂಎಂ ತೂತು. ಮೆನಿಫೋಲ್ಡನ್ನು ಉಳಿದ ಸ್ಟಡ್ಡಿಗೆ ಕಟ್ಟಿ, ಆ ಬುಶ್ ಇಟ್ಟು ಅದರ ಮೂಲಕ ಡ್ರಿಲ್ ಮಾಡಿ. ಕೋಬಾಲ್ಟ್ ಬಿಟ್, ನಿಧಾನ ವೇಗ, ಹನಿ ಹನಿ ಕಟಿಂಗ್ ಆಯಿಲ್. ಜೋರು ತಿರುಗಿಸಿದರೆ ಸ್ಟಡ್ಡಿನ ಮೇಲ್ಮೈ ಇನ್ನೂ ಗಟ್ಟಿಯಾಗಿ ಬಿಟ್ ಹೋಗುತ್ತದೆ. 3, ಆಮೇಲೆ 5, ಆಮೇಲೆ 6.5. ಎಡಕ್ಕೆ ತಿರುಗುವ ಬಿಟ್ ಸಿಕ್ಕಿದರೆ ಬಹಳ ಒಳ್ಳೆಯದು, ಕೆಲವು ಸಲ ಕೊರೆಯುವಾಗಲೇ ತುಂಡು ಹಿಡಿದು ಬಿಚ್ಚಿಕೊಂಡು ಬರುತ್ತದೆ. ಆಳಕ್ಕೆ ಇನ್ನೊಂದು ಸ್ಟಡ್ ತೆಗೆದು ಅಳೆದು ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿ. ಆ ಗುರುತು ದಾಟಿದರೆ ನೀರಿನ ದಾರಿಗೆ ತೂತು ಬೀಳುವ ಸಾಧ್ಯತೆ ಉಂಟು.

6.5ರ ಮೇಲೆ ಉಳಿಯುವುದು ಥ್ರೆಡ್ಡಿನ ಸುರುಳಿ ಮಾತ್ರ. ಅದನ್ನು ಮೊನೆಯಿಂದ ಕಿತ್ತು 8 × 1.25 ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ ಶುದ್ಧ ಮಾಡಿ. ಅಲ್ಯುಮಿನಿಯಂ ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ): 8.3 ಅಥವಾ 8.4 ಎಂಎಂ ಡ್ರಿಲ್, ಕಿಟ್ಟಿನಲ್ಲೇ ಬರುವ ವಿಶೇಷ ಟ್ಯಾಪ್, 12 ಎಂಎಂ ಉದ್ದದ ಇನ್ಸರ್ಟ್. ಸಾಮಾನ್ಯ ಟ್ಯಾಪ್ ಅದಕ್ಕೆ ಆಗುವುದಿಲ್ಲ.

ಸುರತ್ಕಲ್_800

ಈಸಿ-ಔಟ್ ಕೈಯಲ್ಲಿ ಉಂಟಲ್ಲ, ಡ್ರಿಲ್ ಮಾಡಿ ಅದನ್ನೇ ಹಾಕಬಹುದಲ್ವಾ? ಮತ್ತೆ ಗಾಡಿಯಲ್ಲೇ ವೆಲ್ಡ್ ಮಾಡಿದರೆ ಇಸಿಯುಗೆ (ಎಂಜಿನ್ನಿನ ಕಂಪ್ಯೂಟರಿಗೆ) ಎಂತ ಆಗುವುದಿಲ್ವಾ?

ಪಡೀಲ್_ವೆಲ್ಡಿಂಗ್

ಈಸಿ-ಔಟ್ ಅಲ್ಲಿಗೆ ಬೇಡವೇ ಬೇಡ. ಪೂರ್ತಿ ದಪ್ಪ ಇದ್ದ ಸ್ಟಡ್ಡೇ ತುಂಡಾಗುವಷ್ಟು ಜಾಮ್ ಆಗಿದೆ. ಅದರೊಳಗೆ ಹೋಗುವ, ಅದಕ್ಕಿಂತ ಸಣ್ಣ ಈಸಿ-ಔಟ್ ಅದನ್ನು ಬಿಚ್ಚುವುದು ಹೇಗೆ? ಅದು ಬೆಣೆಯ ಹಾಗೆ ಸ್ಟಡ್ಡನ್ನು ಒಳಗಿನಿಂದ ಅಗಲಿಸುತ್ತದೆ, ಹಿಡಿತ ಇನ್ನೂ ಜಾಸ್ತಿ. ಒಳಗೆ ಮುರಿದರೆ ಅದು ಗಟ್ಟಿ ಮಾಡಿದ ಉಕ್ಕು, ಸಾಮಾನ್ಯ ಡ್ರಿಲ್ಲಿಗೆ ಬಗ್ಗುವುದಿಲ್ಲ. ಆಮೇಲೆ ಹೆಡ್ ಇಳಿಸಿ, ಸ್ಪಾರ್ಕ್ ಇರೋಷನ್ (ಕಿಡಿಯಿಂದ ಲೋಹ ಕೊರೆಯುವ) ಮಿಷನ್ ಇರುವಲ್ಲಿಗೆ ಹೊತ್ತುಕೊಂಡು ಹೋಗಬೇಕು. ಬರೀ ಮಂಡೆ ಹಾರಿದ, ಒಳಗೆ ಸಡಿಲ ಇರುವ ಬೋಲ್ಟಿಗೆ ಮಾತ್ರ ಈಸಿ-ಔಟ್.

ವೆಲ್ಡಿಂಗ್‌ಗೆ: ಬ್ಯಾಟರಿಯ ನೆಗೆಟಿವ್ ಮೊದಲು, ಆಮೇಲೆ ಪಾಸಿಟಿವ್ ಕಳಚಿ. ಇಸಿಯು ಕನೆಕ್ಟರ್ ಕಳಚಿದರೆ ಇನ್ನೂ ನೆಮ್ಮದಿ. ವೆಲ್ಡಿಂಗಿನ ಅರ್ಥ್ ಕ್ಲಾಂಪ್ ಹೆಡ್ಡಿಗೇ ಹಾಕಬೇಕು. ಗಾಡಿಯ ಮೈಗೆ ಹಾಕಿದರೆ ಕರೆಂಟ್ ವಾಪಸು ಹೋಗುವ ದಾರಿ ಹುಡುಕಿ ಕ್ಲಚ್ ಕೇಬಲ್, ಬೇರಿಂಗ್ ಎಲ್ಲದರ ಮೂಲಕ ಹೋಗುತ್ತದೆ. ಪೆಟ್ರೋಲ್ ಪೈಪಿನ ಕಡೆಗೆ ಒದ್ದೆ ಗೋಣಿ, ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಮತ್ತೊಂದು: ಆ ಜಾಗವನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆಯಬೇಡಿ. ಕ್ಲೋರಿನ್ ಇರುವ ಕ್ಲೀನರಿನ ಮೇಲೆ ವೆಲ್ಡಿಂಗ್ ಬಿಸಿ ಬಿದ್ದರೆ ಫಾಸ್ಜೀನ್ ಬರುತ್ತದೆ, ಅದು ಶ್ವಾಸಕೋಶಕ್ಕೆ ವಿಷ.

ವೆಲ್ಡಿಂಗ್ ಮಿಷನ್ ಇಲ್ಲದವರು ಈ ಒಂದು ಕೆಲಸವನ್ನು ಹೊರಗೆ ಮಾಡಿಸುವುದು ಒಳ್ಳೆಯದು. ಮೆನಿಫೋಲ್ಡ್ ಬಿಚ್ಚಿ, ಅಡ್ಡ ಬರುವುದನ್ನೆಲ್ಲ ತೆಗೆದಿಟ್ಟು, ವೆಲ್ಡರನ್ನು ಮನೆಗೆ ಕರೆಸಿದರೆ ಅವನ ಕೆಲಸ ಅರ್ಧ ಗಂಟೆಯದ್ದು.

ಮಲ್ಪೆ_ಬ್ರೇಕ್

ಡ್ರಮ್ ಒಂದು ಚೂರು ಬಂದು ನಿಲ್ಲುತ್ತದೆ ಅಂದರೆ ಸ್ಪಿಂಡಲ್ ಜಾಮ್ ಅಲ್ಲ, ಒಳಗಿನ ಶೂ (ಲೈನಿಂಗ್ ಅಂಟಿಸಿದ, ಡ್ರಮ್ಮಿಗೆ ಒತ್ತಿ ಬ್ರೇಕ್ ಹಿಡಿಯುವ ತುಂಡು) ಸಿಕ್ಕಿಕೊಳ್ಳುತ್ತಿದೆ. ಲೈನಿಂಗ್ ಉಜ್ಜಿ ಉಜ್ಜಿ ಡ್ರಮ್ಮಿನ ನಡುಭಾಗ ಸವೆದಿರುತ್ತದೆ, ಅಂಚಿನಲ್ಲಿ ಸವೆಯದ ಒಂದು ಗೆರೆ ಉಳಿದು ಅಲ್ಲಿ ತುಕ್ಕೂ ಕಟ್ಟಿರುತ್ತದೆ. ಶೂ ಆ ಗೆರೆಗೆ ಬಡಿಯುತ್ತದೆ. ಇಲ್ಲಿ ಹೊಡೆದು ಫಲ ಇಲ್ಲ, ಶೂವನ್ನು ಒಳಗೆಳೆಯಬೇಕು.

ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡಿ. ಆಮೇಲೆ ಲಿವರಿನ ಬುಡದ ಅಡ್ಜಸ್ಟಿಂಗ್ ನಟ್ಟು ಸಡಿಲಿಸಿ ಕೇಬಲ್ಲಿಗೆ ಸಡಿಲು ಕೊಡಿ. ಬ್ಯಾಕಿಂಗ್ ಪ್ಲೇಟಿನ (ಡ್ರಮ್ಮಿನ ಹಿಂದಿನ ತಗಡಿನ) ಹಿಂದೆ ರಬ್ಬರ್ ಪ್ಲಗ್ ಉಂಟು. ಅದನ್ನು ತೆಗೆದು ಸ್ಕ್ರೂಡ್ರೈವರ್ ತೂರಿಸಿ ಹ್ಯಾಂಡ್‌ಬ್ರೇಕ್ ಲಿವರನ್ನು ಅದರ ತಡೆಯಿಂದ ಬಿಡಿಸಿದರೆ ಶೂ ಒಳಗೆ ಸರಿಯುತ್ತದೆ. ಈಗ ಡ್ರಮ್ಮನ್ನು ತಿರುಗಿಸುತ್ತಾ ಎಳೆಯಿರಿ. ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇದ್ದರೆ 8 ಎಂಎಂ ಬೋಲ್ಟು ಎರಡನ್ನೂ ಸಮವಾಗಿ, ಅರ್ಧರ್ಧ ಸುತ್ತು ಬಿಗಿ ಮಾಡಿ. ಡ್ರಮ್ ತಾನೇ ಹೊರಗೆ ತಳ್ಳಿಕೊಳ್ಳುತ್ತದೆ. ಒಂದನ್ನೇ ಒತ್ತಿದರೆ ಡ್ರಮ್ ಓರೆಯಾಗಿ ಇನ್ನೂ ಸಿಕ್ಕಿಕೊಳ್ಳುತ್ತದೆ. ಅಂಚಿಗೆ ಉಕ್ಕಿನ ಸುತ್ತಿಗೆ ಬೇಡ, ಎರಕದ ಕಬ್ಬಿಣ ಚಕ್ಕೆ ಏಳುತ್ತದೆ. ಮರದ ತುಂಡು ಇಟ್ಟು ಸುತ್ತಲೂ ಬಡಿಯಿರಿ.

ಒಳಗಿನ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ನೀರಿನಿಂದ ಒದ್ದೆ ಮಾಡಿ ಒರೆಸಿ. ಆ ಅಂಚಿನ ಗೆರೆಯನ್ನು ಲೇತಿನಲ್ಲಿ ತೆಗೆಸಬಹುದು, ಆದರೆ ಡ್ರಮ್ಮಿನ ಮೇಲೆ ಅಚ್ಚಾಗಿರುವ ಗರಿಷ್ಠ ವ್ಯಾಸ ದಾಟಬಾರದು.

ನಿಪ್ಪಲ್ಲಿಗೆ ಬನ್ನಿ. ಅದು ನಡುವೆ ಟೊಳ್ಳು, ಅದಕ್ಕೇ ಸುಲಭವಾಗಿ ಮುರಿಯುತ್ತದೆ. ತೂತಿಗೆ ಸರಿಯಾಗಿ ಹೋಗುವ ಡ್ರಿಲ್ ಬಿಟ್ಟಿನ ಹಿಡಿಕೆ ಭಾಗವನ್ನು ಒಳಗೆ ತೂರಿಸಿ, ನೇರವಾಗಿ ನಾಲ್ಕು ಪೆಟ್ಟು ಕೊಟ್ಟು, 6 ಮೂಲೆಯ ಸಾಕೆಟ್ಟಿನಿಂದ ನೋಡಿ. ಬಂದರೆ ಬಂತು. ಬಾರದಿದ್ದರೆ ಅದರ ಹಿಂದೆ ಬೀಳಬೇಡಿ, ಎಣ್ಣೆಯ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರನ್ನೇ ಬದಲಿಸಿ. ಹೊಸ ಸಿಲಿಂಡರಿಗೆ ಹೊಸ ನಿಪ್ಪಲ್ ಬರುತ್ತದೆ, ಬೆಲೆಯೂ ದೊಡ್ಡದಲ್ಲ. ಈ ಗಾಡಿಯ ಹಳೆಯ ಸಿಲಿಂಡರಿನ ಒಳಗೂ ತುಕ್ಕಿನ ಗುಳಿ ಇರುವುದೇ ಹೆಚ್ಚು. ರಬ್ಬರ್ ಕಪ್ ಮಾತ್ರ ಹೊಸದು ಹಾಕಿದರೆ ಆ ಗುಳಿ ಅದನ್ನು ಹರಿದು ಪುನಃ ಸೋರುತ್ತದೆ.

ಕಷ್ಟ ಇರುವುದು ಅದಕ್ಕೆ ಬರುವ ಬ್ರೇಕ್ ಪೈಪಿನ ನಟ್ಟಿನಲ್ಲಿ. 10ರ ಫ್ಲೇರ್ ನಟ್ ಸ್ಪ್ಯಾನರ್ (ನಟ್ಟನ್ನು ಹೆಚ್ಚು ಮುಖಗಳಲ್ಲಿ ಸುತ್ತಿ ಹಿಡಿಯುವಂಥದ್ದು) ಇಲ್ಲದೆ ಮುಟ್ಟಬೇಡಿ; ಸಾಮಾನ್ಯ ಸ್ಪ್ಯಾನರ್ ಎರಡೇ ಮುಖ ಹಿಡಿದು ನಟ್ಟನ್ನು ಉರುಟು ಮಾಡುತ್ತದೆ. ಸಿಲಿಂಡರ್ ಬ್ಯಾಕಿಂಗ್ ಪ್ಲೇಟಿಗೆ ಬಿಗಿಯಾಗಿರುವಾಗಲೇ ಪೈಪಿನ ನಟ್ಟು ಸಡಿಲಿಸಬೇಕು. ತಿರುಗಿಸುವಾಗ ಪೈಪ್ ನೋಡುತ್ತಿರಿ. ಪೈಪೂ ಜೊತೆಗೆ ಹುರಿಯಾಗುತ್ತಿದ್ದರೆ ನಿಲ್ಲಿಸಿ, ನಟ್ಟಿನ ಬುಡದಲ್ಲಿ ಪೈಪ್ ಕತ್ತರಿಸಿ, 6 ಮೂಲೆಯ ಸಾಕೆಟ್ ಹಾಕಿ ನಟ್ಟು ತೆಗೆದು ಹೊಸ ಪೈಪ್ ಹಾಕಿ. ಹುರಿಯಾದ ಪೈಪನ್ನು ನೆಟ್ಟಗೆ ಮಾಡಿ ಪುನಃ ಹಾಕುವುದು ಬ್ರೇಕಿನ ವಿಷಯದಲ್ಲಿ ಆಗದ ಮಾತು. ಹೊಸ ಪೈಪಿಗೆ ಡಬಲ್ ಫ್ಲೇರ್ (ಎರಡು ಪದರ ಮಡಚಿ ಅಗಲಿಸಿದ ತುದಿ) ಬೇಕು. ಎಸಿ ಕೆಲಸದ ತಾಮ್ರದ ಪೈಪ್ ಬ್ರೇಕಿಗೆ ಬೇಡ, ಅಲುಗಾಟಕ್ಕೆ ಬಿರುಕು ಬಿಡುತ್ತದೆ.

ಡಾಟ್ 3 ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸದರ ಕುದಿಬಿಂದು ಕನಿಷ್ಠ 205 ಡಿಗ್ರಿ, ನೀರು ಸೇರಿದ್ದರದ್ದು 140. ಅದೇ ನೀರು ಸಿಲಿಂಡರಿನ ತಗ್ಗಿನಲ್ಲಿ ಕೂತು ತುಕ್ಕು ತರುವುದು. ನಮ್ಮ ಕಡೆಯ ಹವೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ನಿಪ್ಪಲ್ಲೂ ಬಿಗಿಯುವುದಿಲ್ಲ. ಬ್ಲೀಡ್ ಮಾಡುವಾಗ ಹಿಂದಿನ ಎಡದಿಂದ ಶುರು ಮಾಡಿ, ಮಾಸ್ಟರ್ ಸಿಲಿಂಡರಿನಿಂದ ಅದೇ ದೂರ. ಕೊನೆಗೆ ನಿಪ್ಪಲ್ಲಿಗೆ ರಬ್ಬರ್ ಟೊಪ್ಪಿ ಹಾಕಲು ಮರೆಯಬೇಡಿ. ಅರ್ಧಕ್ಕರ್ಧ ಗಾಡಿಗಳಲ್ಲಿ ಅದೇ ಇರುವುದಿಲ್ಲ, ಮಳೆನೀರು ನೇರ ಒಳಗೆ.

ಮಳೆಗಾಲದಲ್ಲಿ ಗಾಡಿಯನ್ನು ದಿನಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಒದ್ದೆ ಲೈನಿಂಗ್ ಡ್ರಮ್ಮಿಗೆ ಅಂಟಿ ತುಕ್ಕಿನಲ್ಲೇ ಬೆಸೆದುಕೊಳ್ಳುತ್ತದೆ. ಗೇರಿನಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಡಿ.

ಕಾಪು_14ಎಂಎಂ

ಲೋವರ್ ಆರ್ಮ್ ಬೋಲ್ಟು ವಾಪಸು ಬರುವುದಕ್ಕೆ ಕಾರಣ ರಬ್ಬರ್. ಬುಶ್ಶಿನ ಒಳಗೊಂದು ಉಕ್ಕಿನ ಕೊಳವೆ ಉಂಟು. ಬೋಲ್ಟು ಆ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿದೆ, ನೀವು ತಿರುಗಿಸಿದಾಗ ರಬ್ಬರ್ ತಿರುಚಿಕೊಂಡು ವಾಪಸು ಎಳೆಯುತ್ತದೆ. ಎಷ್ಟು ಉದ್ದದ ಹಿಡಿಕೆ ಹಾಕಿದರೂ ಇದೇ ಕಥೆ. ನಟ್ಟನ್ನು ತುದಿ ಸಮಕ್ಕೆ ವಾಪಸು ತಿರುಗಿಸಿ ಅದರ ಮೇಲೆ ಹೊಡೆದು ನೋಡಬಹುದು, ನಟ್ಟು ಇದ್ದರೆ ಥ್ರೆಡ್ ಅಗಲವಾಗುವುದಿಲ್ಲ. ಆದರೆ ಹೊಡೆತದ ಅರ್ಧ ಬಲವನ್ನು ಆ ರಬ್ಬರೇ ನುಂಗುತ್ತದೆ.

ಬುಶ್ ಹೇಗೂ ಬದಲಿಸುವುದು, ಹಾಗಾಗಿ ಬೋಲ್ಟು ಕತ್ತರಿಸಿ. ಬುಶ್ಶಿಗೂ ಬ್ರಾಕೆಟ್ಟಿಗೂ ನಡುವೆ ಎರಡೂ ಬದಿಯಲ್ಲಿ ಸಣ್ಣ ಸಂದು ಇರುತ್ತದೆ. ಬೈಮೆಟಲ್ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಆ ಸಂದಿಯಲ್ಲಿ ಕೊಯ್ಯಿರಿ. ಗ್ರೈಂಡರ್ ಹೋಗುವ ಜಾಗ ಇದ್ದರೆ 1 ಎಂಎಂ ಕಟಿಂಗ್ ವೀಲ್, ಕಣ್ಣಿಗೆ ಕನ್ನಡಕ, ಹತ್ತಿರದ ಬ್ರೇಕ್ ಹೋಸಿಗೆ ತಗಡಿನ ಮರೆ. ಎರಡು ಕಡೆ ಕತ್ತರಿಸಿದರೆ ಆರ್ಮ್ ಕೆಳಗೆ ಇಳಿಯುತ್ತದೆ. ಟಾರ್ಚಿನಲ್ಲಿ ರಬ್ಬರ್ ಸುಡುವ ಉಪಾಯ ಬೇಡ. ಹೊಗೆ ಒಂದು ಕಡೆ, ಉರಿಯುವ ರಬ್ಬರ್ ಹನಿ ಮೈಮೇಲೆ ಬೀಳುವುದು ಇನ್ನೊಂದು ಕಡೆ.

ಕೊಯ್ಯುವ ಮೊದಲು ಹೊಸ ಬೋಲ್ಟು ಕೈಯಲ್ಲಿರಲಿ. ಹಳೆಯದರ ಮಂಡೆಯ ಮೇಲಿನ ಗ್ರೇಡ್ ಗುರುತು ನೋಡಿ ಅದೇ ಶಕ್ತಿಯದ್ದು, ಅದೇ ಪಿಚ್ಚಿನದ್ದು, ನಡುಭಾಗದ ನಯ ಉದ್ದವೂ ಅಷ್ಟೇ ಇರುವುದು ಬೇಕು. ಗೇಟಿಗೆ ಹಾಕುವ ಬೋಲ್ಟು ಇಲ್ಲಿಗಲ್ಲ.

ಜೋಡಿಸುವಾಗ ಎರಡು ವಿಷಯ. ಬೋಲ್ಟಿನ ನಯವಾದ ನಡುಭಾಗಕ್ಕೆ ಮಾತ್ರ ಮೆರೈನ್ ಗ್ರೀಸ್ ತೆಳ್ಳಗೆ ಹಚ್ಚಿ. ಕೊನೆಯ ಬಿಗಿಯನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊಡಬೇಕು. ಆರ್ಮ್ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು, ಹೊಸ ಬುಶ್ ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್.

ಕಂಕನಾಡಿ_ಟಾರ್ಕ್

ಫಿಟ್ಟರ್ ಅಣ್ಣ ಹೇಳಿದ್ದು ಸರಿ, ಅದಕ್ಕೆ ಮೇಣ ಸೇರಿಸುತ್ತೇನೆ. ಸೈಲೆನ್ಸರಿನ ಜಾಯಿಂಟಿನಂಥ, ಉಕ್ಕಿಗೆ ಉಕ್ಕು ಇರುವ ಜಾಗದಲ್ಲಿ ಸಣ್ಣ ಗ್ಯಾಸ್ ಟಾರ್ಚಿನಿಂದ ನಟ್ಟನ್ನು ಮಾತ್ರ ಕಾಯಿಸಿ, ಮೇಣದಬತ್ತಿ ಮುಟ್ಟಿಸಿ. ಕರಗಿದ ಮೇಣ ಥ್ರೆಡ್ಡಿನೊಳಗೆ ಹೀರಿಕೊಂಡು ಹೋಗುತ್ತದೆ. ಕಾಯಿಸಬೇಕಾದ್ದು ನಟ್ಟು, ಸ್ಟಡ್ ಅಲ್ಲ, ನಟ್ಟು ಹಿಗ್ಗಬೇಕು. ಆಕ್ಸಿಜನ್ ಸೆನ್ಸರ್ ಹತ್ತಿರ ಇದ್ದರೆ ಅದನ್ನು 22ರ ಸ್ಪ್ಯಾನರಿನಿಂದ ಮೊದಲೇ ಬಿಚ್ಚಿಡಿ, ಎಣ್ಣೆ ಸ್ಪ್ರೇ ತಾಗಿದರೆ ಹಾಳು.

ಮೆನಿಫೋಲ್ಡ್ ವಾಪಸು ಹಾಕುವಾಗ ಸ್ಟೀಲ್ ಎಂದು ಸ್ಟೇನ್‌ಲೆಸ್ ಸ್ಟಡ್ ಹುಡುಕಬೇಡಿ. ಉಪ್ಪು ಗಾಳಿಯಲ್ಲಿ ಸ್ಟೇನ್‌ಲೆಸ್ ಮತ್ತು ಅಲ್ಯುಮಿನಿಯಂ ಜೋಡಿ ಇನ್ನೂ ಕೆಟ್ಟದು, ತಿಂದುಹೋಗುವುದು ಹೆಡ್ಡಿನ ಥ್ರೆಡ್. ಕಂಪೆನಿ ಸ್ಟಡ್ ಹಾಕಿ, ಮೇಲೆ ಹಿತ್ತಾಳೆ ನಟ್ಟು ಹಾಕಿ. ಹಿತ್ತಾಳೆ ಉಕ್ಕಿಗೆ ತುಕ್ಕಿನಿಂದ ಬೆಸೆಯುವುದಿಲ್ಲ, ಮುಂದಿನ ಸಲ ನಟ್ಟು ಮಾತ್ರ ಬಿಚ್ಚಿ ಬರುತ್ತದೆ. ಹೆಡ್ಡಿನೊಳಗೆ ಹೋಗುವ ಥ್ರೆಡ್ಡಿಗೆ ತಾಮ್ರದ ಆ್ಯಂಟಿ-ಸೀಝ್ (ಥ್ರೆಡ್ ಜಾಮ್ ಆಗದಂತೆ ಹಚ್ಚುವ ಲೇಪ) ಬೇಡ, ನಿಕ್ಕಲ್ಲಿನದ್ದು ಹಾಕಿ. ಸ್ಟಡ್ಡನ್ನು ಕೈಬಿಗಿಯ ಮೇಲೆ ಸ್ವಲ್ಪ ಅಷ್ಟೇ. ನಟ್ಟುಗಳನ್ನು ನಡುವಿನಿಂದ ಹೊರಗೆ ಎರಡು ಸುತ್ತಿನಲ್ಲಿ, ಒಟ್ಟು 20 ನ್ಯೂಟನ್ ಮೀಟರ್ ಆಸುಪಾಸು. ಆ್ಯಂಟಿ-ಸೀಝ್ ಹಾಕಿದ ಥ್ರೆಡ್ಡಿನಲ್ಲಿ ಅದೇ ಟಾರ್ಕಿಗೆ ಬಿಗಿ ಜಾಸ್ತಿ ಬೀಳುತ್ತದೆ, ಹಾಗಾಗಿ ಸ್ವಲ್ಪ ಕಡಿಮೆಯೇ ಇರಲಿ. ಚಕ್ರದ ನಟ್ಟಿಗೆ ಹಚ್ಚಬೇಡಿ. ಲೇಪನ ಇರುವ ಸ್ಪಾರ್ಕ್ ಪ್ಲಗ್ಗಿಗೂ ಬೇಡ.

ಗ್ಯಾಸ್ಕೆಟ್ ಹಾಕುವ ಮೊದಲು ಮೆನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು ನೋಡಿ. ಮೂಲೆಯ ಸ್ಟಡ್ ತುಂಡಾಗುವುದಕ್ಕೆ ಅನೇಕ ಸಲ ಕಾರಣ ತುಕ್ಕು ಮಾತ್ರ ಅಲ್ಲ, ಮೆನಿಫೋಲ್ಡ್ ಸೊಟ್ಟಗಾಗಿ ಅದನ್ನು ಎಳೆಯುತ್ತಿರುವುದು. ಸೊಟ್ಟ ಇದ್ದರೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ, ಇಲ್ಲದಿದ್ದರೆ ಹೊಸ ಸ್ಟಡ್ಡಿಗೂ ಅದೇ ಗತಿ.

ಉದ್ಯಾವರ_ತುಕ್ಕು

ಕೆಲಸಕ್ಕೆ ಇಳಿಯುವ ಮೊದಲು ಜ್ಯಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ಕುಟ್ಟಿ ನೋಡಿ. ಬಾಗಿಲಿನ ಕೆಳಗಿನ ಸಿಲ್ ಈ ವಯಸ್ಸಿನ ಗಾಡಿಯಲ್ಲಿ ಹೊರಗೆ ಪೇಂಟ್, ಒಳಗೆ ಖಾಲಿ. ಟಣ್ ಎನ್ನಬೇಕು, ಬೊದ್ ಎಂದರೆ ಅಲ್ಲಿಗೆ ಜ್ಯಾಕ್ ಬೇಡ, ಹಿಂದೆ ಆಕ್ಸಲ್ಲಿಗೆ ಕೊಡಿ. ಬರೀ ಜ್ಯಾಕಿನ ಮೇಲಿರುವ ಗಾಡಿಯ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ.

ಉಪ್ಪು ಬರುವುದು ಗಾಳಿಯಿಂದ ಮಾತ್ರ ಎಂದು ತಿಳಿಯಬೇಡಿ. ಹೆದ್ದಾರಿ 66ರಲ್ಲಿ ಮೀನು ಲಾರಿಯ ಹಿಂದೆ ಹೋದರೆ ಅದು ಸೋರಿಸಿಕೊಂಡು ಹೋಗುವ ಉಪ್ಪುನೀರು ನೇರ ಗಾಡಿಯ ಅಡಿಗೆ. ಚಕ್ರದ ಕಮಾನಿನಲ್ಲಿ ಕೂತ ಕೆಂಪು ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಡಿಯನ್ನು ಪೈಪ್ ಹಿಡಿದು ತೊಳೆಯಿರಿ, ಆದರೆ ಕಡಲಬದಿಯ ಬಾವಿಯ ನೀರು ಬೇಸಗೆಯ ಕೊನೆಗೆ ಸವುಳಾಗಿರುತ್ತದೆ. ಬಾಯಿಗೆ ಹಾಕಿ ನೋಡಿ. ಸವುಳು ಇದ್ದರೆ ನಳ್ಳಿ ನೀರು. ಬಾಗಿಲಿನ ಅಡಿಯ ನೀರು ಹೋಗುವ ತೂತು, ವೈಪರ್ ಕೆಳಗಿನ ಗೂಡು ಎಲೆ ಕಸದಿಂದ ಕಟ್ಟಿರುತ್ತದೆ, ಒಂದು ತಂತಿ ಹಾಕಿ ಬಿಡಿಸಿ. ತುಕ್ಕಿನ ಮೇಲೆ ಡಾಂಬರಿನಂಥ ಅಂಡರ್‌ಕೋಟ್ ಬಳಿಯುವುದು ಕೆಟ್ಟ ಅಭ್ಯಾಸ. ನೀರು ಅದರ ಹಿಂದೆ ಕೂತು ಕಾಣದ ಹಾಗೆ ತಿನ್ನುತ್ತದೆ. ಮೇಣದ ಆಧಾರದ ಸ್ಪ್ರೇ ಹಾಕಿ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಪುನಃ.

ಸುರತ್ಕಲ್_800

ಎಲ್ಲರಿಗೂ ಧನ್ಯವಾದ. ಗಾಡಿ ಒಂದೇ, ಜಾಗವೂ ಒಂದೇ. ಯಾವುದು ಮೊದಲು? ಎಂತೆಲ್ಲ ತಂದಿಟ್ಟುಕೊಳ್ಳಬೇಕು?

ಬೈಕಂಪಾಡಿ_ಫಿಟ್ಟರ್

ಇವತ್ತೇ ಮೂರೂ ಕಡೆ ಎಣ್ಣೆ ಹನಿಸಲು ಶುರು ಮಾಡಿ. ಲೈನಿಂಗ್ ಕಡೆಗೆ ಮಾತ್ರ ಹಾರಬಾರದು. ಅದು ನೆನೆಯುವ ಮೂರು ದಿನದಲ್ಲಿ ಸಾಮಾನು ಒಟ್ಟು ಮಾಡಿ. ಬ್ರೇಕ್ ಮೊದಲು, ಯಾಕೆಂದರೆ ವೆಲ್ಡರ್ ಮನೆಗೆ ಬಾರದಿದ್ದರೆ ಗಾಡಿಯನ್ನೇ ಅವನಲ್ಲಿಗೆ ತೆಗೆದುಕೊಂಡು ಹೋಗಬೇಕು, ಆಗ ಬ್ರೇಕ್ ಬೇಕು. ಎರಡನೆಯದು ಲೋವರ್ ಆರ್ಮ್. ಮೆನಿಫೋಲ್ಡ್ ಕೊನೆಗೆ, ಟಕ್ ಟಕ್ ಸದ್ದಿನಲ್ಲಿ ನಾಲ್ಕು ದಿನ ಓಡಿಸಿದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯಬಹುದು, ಅಷ್ಟೆ. ಆದರೆ ಗಾಜು ಏರಿಸಿ ಓಡಿಸಬೇಡಿ, ಸೋರುವ ಹೊಗೆ ಒಳಗೆ ಬರುತ್ತದೆ.

ಬ್ರೇಕಿಗೆ: ಹಿಂದಿನ ವೀಲ್ ಸಿಲಿಂಡರ್ ಎರಡು (ಬಲದ್ದೂ ಬದಲಿಸಿ, ಒಂದು ಬದಿ ಮಾತ್ರ ಹೊಸದಾದರೆ ಹಿಡಿತ ಸಮ ಬರುವುದಿಲ್ಲ), ಶೂ ಒಂದು ಸೆಟ್, ಡಾಟ್ 3 ಅರ್ಧ ಲೀಟರಿನ ಎರಡು ಬಾಟ್ಲಿ, 10ರ ಫ್ಲೇರ್ ಸ್ಪ್ಯಾನರ್. ಬಾಟ್ಲಿ ಸೀಲ್ ಒಡೆಯದ್ದೇ ಬೇಕು, ಕಪಾಟಿನಲ್ಲಿ ಅರ್ಧ ಉಳಿದದ್ದು ಬೇಡ. ಲೋವರ್ ಆರ್ಮಿಗೆ: ಬುಶ್, ಬೋಲ್ಟು, ನಟ್ಟು ಎರಡೂ ಬದಿಗೆ, ಬೈಮೆಟಲ್ ಬ್ಲೇಡ್ ನಾಲ್ಕು. ಬುಶ್ ಒತ್ತಿ ಕೂರಿಸಲು ಪ್ರೆಸ್ ಇರುವ ಕಡೆಗೆ ಆರ್ಮ್ ಕೊಂಡುಹೋಗಿ; ಸುತ್ತಿಗೆಯಲ್ಲಿ ಹೊಡೆದರೆ ಬುಶ್ಶಿನ ಅಂಚು ಮಡಚುತ್ತದೆ. ಮೆನಿಫೋಲ್ಡಿಗೆ: ಸ್ಟಡ್ ಪೂರ್ತಿ ಸೆಟ್, ಅಷ್ಟೇ ಹಿತ್ತಾಳೆ ನಟ್ಟು, ಮೆನಿಫೋಲ್ಡ್ ಗ್ಯಾಸ್ಕೆಟ್, ಕೆಳಗಿನ ಸೈಲೆನ್ಸರ್ ಪೈಪಿನ ಗ್ಯಾಸ್ಕೆಟ್ಟೂ ಒಂದು, 8 × 1.25 ಟ್ಯಾಪ್, ನಿಕ್ಕಲ್ ಆ್ಯಂಟಿ-ಸೀಝ್ ಸಣ್ಣ ಡಬ್ಬ. ಸೈಲೆನ್ಸರ್ ಪೈಪಿನ ಬೋಲ್ಟೂ ಅದೇ ವಯಸ್ಸಿನದ್ದು, ಮೆನಿಫೋಲ್ಡ್ ತೆಗೆಯುವಾಗ ಅದನ್ನೂ ಬಿಚ್ಚಬೇಕು. ಅದಕ್ಕೂ ಇವತ್ತೇ ಎಣ್ಣೆ ಹಾಕಿ.